ದುರುಗಣ್ಣ ಕ್ಯಾಸೆಟ್ಟು ತಿರುವಿಹಾಕುವಾಗ

ನ್ಯಾಮತಿ
೧೪-೧೧-೧೯೮೮

ಚಿ. ಸೌ. ಸರ್ವಮಂಗಳೆಗೆ,

ಹನ್ನೊಂದು ವರ್ಷಗಳ ನಂತರ ನನ್ನ ಕೈ ಈ ಹೆಸರನ್ನು ಬರೆಯುತ್ತಿದೆ. ಆಶೀರ್ವಾದವನ್ನು ಮೊದಲಿಗೇ ಬರೆಯುವ ಅಧಿಕಾರ ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು. ಪತ್ರದ ಕೊನೆಗೆ ನೋಡೋಣ.

ಜಗಳೂರಿನಿಂದ ನಿನ್ನ ಪತ್ರ ತಲುಪಿತು. ದಿನಾಂಕ ಹಾಕಿಲ್ಲ. ಶ್ರಾವಣದಿಂದ ನಿನ್ನ ಗಂಡ ಓಬಳಪ್ಪನವರ ಬಾಯಿ ಒಂದು ಮಗ್ಗುಲಿಗೆ ತಿರುಗಿದೆ, ಗಂಜಿ ಕುಡಿಯುವುದೇ ಕಷ್ಟ, ಟ್ರಂಪೆಟ್ ಊದುವುದು ಇನ್ನಿಲ್ಲವೆಂದು ಬರೆದಿದ್ದೀಯೆ. ಅವರಂದ ಮಾತನ್ನೂ ಹಾಗೆಯೇ ಇಳಿಸಿದ್ದೀಯೆ: “ಮಂದಿ ಮದುವೆಗೆ ಇಪ್ಪತ್ತು ವರ್ಷ ಊದೀನಿ. ನಂದು ಹೆಂಗೆ ಕೇಳ್ತೈತೆ ಅಂತ ನಾನೇ ಒಂದಿನಾನೂ ಕೇಳಿಲ್ಲ.” ಈ ಸಾಲನ್ನು ದಾಟಿ ಮುಂದೆ ಓದಲು ನನಗೆ ಎರಡು ದಿನ ಬೇಕಾಯಿತು.

ನಿನಗೆ ಸಿಕ್ಕ ಕ್ಯಾಸೆಟ್ಟಿನಲ್ಲಿರುವುದು ೧೯೮೪ರಲ್ಲಿ ಚನ್ನಗಿರಿಯ ಶಾಲಾ ಮೈದಾನದಲ್ಲಿ ನಡೆದ ಕಾರ್ಯಕ್ರಮ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕೂ ಊರುಗಳ ಬ್ಯಾಂಡ್‌ಸೆಟ್ಟುಗಳಿಂದ ಆರಿಸಿದ ಹದಿನಾರು ಮಂದಿ ಒಂದೇ ವೇದಿಕೆಯಲ್ಲಿ. ಮೆರವಣಿಗೆಯ ಮುಂದೆ ನಡೆದೇ ನುಡಿಸುತ್ತಿದ್ದವರಿಗೆ ಅಂದು ಮೊದಲ ಬಾರಿ ಕುರ್ಚಿ ಹಾಕಿದ್ದರು. ಪಾದಗಳು ಮಾತ್ರ ಕುರ್ಚಿಯ ಕೆಳಗೂ ನಡೆಯುತ್ತಲೇ ಇದ್ದವು. ಜನರ ತೊಡೆಗಳ ಮೇಲೆ ಟೇಪ್‌ರೆಕಾರ್ಡರುಗಳು. ನಾನೇ ಹನ್ನೆರಡು ಎಣಿಸಿದೆ. ಅವುಗಳಲ್ಲಿ ಹೊನ್ನಾಳಿಯ ದರ್ಜಿ ದುರುಗಣ್ಣನದೂ ಒಂದು. ಅವನ ಕ್ಯಾಸೆಟ್ಟಿನ ನಕಲಿನ ನಕಲು ಈಗ ನಿನ್ನ ಕೈಸೇರಿದೆ.

ಅದರ ಮೊದಲ ಮಗ್ಗುಲಿನ ಕೊನೆಗೆ ಯಾರೋ “ಮೇಷ್ಟ್ರೇ, ನಂದು ಮುಗಿಯಾಕೆ ಬಂತು. ನಿಮ್ದು ಓಡ್ತೈತಲ್ರೀ?” ಎಂದು ಕೇಳುತ್ತಾನೆಂದೂ “ಓಡುತ್ತಿದೆ, ಸುಮ್ಮನಿರಿ” ಎಂದ ದನಿ ನನ್ನದೆಂದೂ ಬರೆದು, ನನ್ನ ಟೇಪು ಇದೆಯೇ ಎಂದು ಕೇಳಿದ್ದೀಯೆ. ಆ ದನಿ ನನ್ನದಲ್ಲವೆಂದು ಎರಡು ಕರಡು ಬರೆದು ಹರಿದೆ. ನನ್ನದೇ. ಒಬ್ಬನೇ ಹೋಗಿದ್ದೆ. ಊರಿನಲ್ಲಿ ನೆಂಟರ ಮನೆಗೆಂದು ಹೇಳಿದ್ದೆ.

ಹೋದದ್ದು ತಪ್ಪು ಹುಡುಕಲು. ಮದುವೆಗಳ ಮುಂದೆ ಊದುವವನನ್ನು ನೀನು ಮದುವೆಯಾದಾಗ ಇಡೀ ಕೇರಿ ಕೇಳುವಂತೆ ಆಡಿದ ಮಾತುಗಳಿಗೆ ಪುರಾವೆ ಬೇಕಿತ್ತು. ಟೇಪನ್ನು ಮನೆಗೆ ತಂದು ಕಾಗದ, ಪೆನ್ಸಿಲು ಹಿಡಿದು ಕೇಳಿದೆ. ಒಂದು ಕಡೆ ತಾಳ ಜಾರಿದೆ. ಅದು ಡ್ರಮ್ಮಿನವನದು.

ಓಬಳಪ್ಪನವರು ಒಬ್ಬರೇ ಎದ್ದು ನಿಂತದ್ದು ದುರುಗಣ್ಣನ ಮೊದಲ ಮಗ್ಗುಲು ಮುಗಿದ ಕ್ಷಣದಲ್ಲೇ. ತಿರುವಿಹಾಕಲು ಹೋದರೆ ಅವನ ರೀಲು ಸಿಕ್ಕಿಕೊಂಡಿತು. ಅದನ್ನು ಸುತ್ತಿ ಸರಿಪಡಿಸುವ ನಾಲ್ಕು ನಿಮಿಷ ಅವರು ಊದಿದರು. ಉಳಿದವರ ಟೇಪುಗಳು ಎಲ್ಲಿ ಹೋದವೋ, ನನಗೆ ತಿಳಿದಂತೆ ಆ ನಾಲ್ಕು ನಿಮಿಷ ಇರುವುದು ನನ್ನ ಕ್ಯಾಸೆಟ್ಟಿನಲ್ಲಿ ಮಾತ್ರ.

ಇಷ್ಟು ವರ್ಷ ಬಚ್ಚಿಟ್ಟದ್ದೇಕೆಂದು ನೀನು ಕೇಳುವ ಮೊದಲೇ ಹೇಳುತ್ತೇನೆ. ರೀಲು ಸುತ್ತುತ್ತಲೇ ದುರುಗಣ್ಣ ಕೇಳಿದ: “ಯಾರ್ರೀ ಮೇಷ್ಟ್ರೇ ಈಯಪ್ಪ? ಎದಿ ಬಗೆದು ಊದ್ತಾನಲ್ರೀ! ನಿಮಗೇನರ ಗುರುತೈತಾ?” ನಾನೆಂದೆ: “ಯಾರೋ. ನನಗೆ ಗೊತ್ತಿಲ್ಲ.”

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಸುಳ್ಳಾಡಬೇಡಿರೆಂದು ಕಲಿಸಿದವನ ದನಿ ಸ್ಪಷ್ಟವಾಗಿ ದಾಖಲಾಗಿದೆ. ಅಳಿಸಲು ಎರಡು ಬಾರಿ ಕೆಂಪು ಗುಂಡಿಯ ಮೇಲೆ ಬೆರಳಿಟ್ಟೆ. ಆದರೆ ನನ್ನ ಮಾತಿನ ಹಿಂದೆಯೇ ಅವರ ಸ್ವರ ಮೇಲೇರುತ್ತದೆ. ನನ್ನ ಸುಳ್ಳಿನೊಡನೆ ಅದೂ ಹೋಗುತ್ತದೆ. ಹೋದ ವರ್ಷ ನಿನ್ನ ತಾಯಿ ತೀರಿಕೊಂಡಾಗ ನೀನು ಬಂದು, ಅಂಗಳದಲ್ಲಿ ನಿಂತು, ನನ್ನೊಡನೆ ಮಾತಿಲ್ಲದೆ ಹಿಂದಿರುಗಿದೆ. ಅಂದೇ ಕೊಡಬಹುದಿತ್ತು. ಪೆಟ್ಟಿಗೆಯವರೆಗೂ ಹೋಗಿ ಬಂದೆ. ಬಿಗುಮಾನವನ್ನು ಹೊತ್ತು ತಿರುಗುವುದಕ್ಕೂ ಈಗ ಮೈಯಲ್ಲಿ ಶಕ್ತಿ ಇಲ್ಲ ಮಗಳೇ.

ಕ್ಯಾಸೆಟ್ಟನ್ನು ಬಟ್ಟೆಯಲ್ಲಿ ಹೊಲಿಸಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಅವರಿಗೆ ಪೂರ್ತಿ ಕೇಳಿಸು. ನನ್ನ ಮಾತು ಬಂದಾಗ ದನಿ ತಗ್ಗಿಸಬೇಡ.

ಇಬ್ಬರಿಗೂ ನನ್ನ ಆಶೀರ್ವಾದ, ಸಲ್ಲುವುದಾದರೆ.

ನಿನ್ನ ಅಪ್ಪ,
ಪಂಚಾಕ್ಷರಪ್ಪ

ಇನ್ನೊಂದು ಮಾತು: ಒಬ್ಬನೇ ಹೋಗಿದ್ದೆ ಎಂದು ಮೇಲೆ ಬರೆದದ್ದು ಸುಳ್ಳು. ಹೊಡೆದುಹಾಕಿಲ್ಲ, ತಪ್ಪು ತಪ್ಪಾಗಿಯೇ ಕಾಣಲಿ. ನನ್ನ ಮಾತಿನ ಬೆನ್ನಿಗೇ ಒಂದು ಹೆಂಗಸಿನ ದನಿ ಬರುತ್ತದೆ: “ಇವ್ರ ಮಾತು ಬಿಡಪ್ಪ ದುರುಗಣ್ಣ. ಅವ್ರು ನಮ್ಮ ಅಳಿಯಂದ್ರು, ನಮ್ಮ ಮಂಗಳನ ಯಜಮಾನ್ರು. ಹೆಂಗೆ ಊದ್ತಾರೆ ನೋಡು!” ನಿನ್ನ ತಾಯಿ ಹೋದ ಮೇಲೆ ಆ ಜಾಗ ಬರುವ ಮೊದಲೇ ನಿಲ್ಲಿಸಿಬಿಡುತ್ತೇನೆ. ನಕಲು ಮಾಡಿಟ್ಟುಕೊಂಡಿಲ್ಲ. ಅದನ್ನು ಕೇಳಬೇಕೆಂದರೆ ನಾನು ಜಗಳೂರಿಗೇ ಬರಬೇಕು. ನಿಮ್ಮ ಮನೆಯವರನ್ನು ಕೇಳಿ ಬರೆ. ಈ ಸಲ ದಿನಾಂಕ ಹಾಕು.