ಕಾರ್ಡಿಗೆ ಸೇರದ ಮಾತುಗಳು

ಶುಕ್ರವಾರ, ತಾರೀಖು ೧೪

ಪ್ರೀತಿಯ ಚೂಟಿ,

ಆಶೀರ್ವಾದ ಬರೆಯಲು ಕೈ ಬರುತ್ತಿಲ್ಲ, ಕ್ಷಮಿಸು. ಕ್ಷಮಿಸದಿದ್ದರೂ ಸರಿಯೇ.

ಮೂರು ದಿನದಿಂದ ನಿನಗೆ ಫೋನ್ ಮಾಡಿ ಸಾಕಾಯಿತು. ‘ಮೀಟಿಂಗ್‌ನಲ್ಲಿದ್ದೀನಿ’ ಎಂದು ಬರೆದು ಕಳಿಸಿ ನೀನು ಕೈ ತೊಳೆದುಕೊಂಡೆ. ಅದಕ್ಕೇ ಈ ಕಾಗದ. ಇದನ್ನು ನಡುವೆ ಕಟ್ ಮಾಡಲು ನಿನ್ನಿಂದಾಗದು.

ಅಮ್ಮನ ಗಂಟಲಿನ ಹೊಲಿಗೆ ಬಿಚ್ಚಿದರು. ಗಾಯ ಚೆನ್ನಾಗಿ ಮಾಯುತ್ತಿದೆ. ಧ್ವನಿಪೆಟ್ಟಿಗೆ ಪೂರ್ತಿ ತೆಗೆದದ್ದರಿಂದ ಇನ್ನು ದನಿ ಬರುವುದಿಲ್ಲ ಎಂಬುದು ನಮಗೆಲ್ಲ ಮೊದಲೇ ಗೊತ್ತಿತ್ತು. ಇಪ್ಪತ್ತಾರು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಊರಿಗೆ ಊರನ್ನೇ ಬಸ್ಸು ಹತ್ತಿಸಿದ ದನಿ. ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಮೇಡಂ ಹೇಳಿದ್ದರಲ್ಲ, ಆಪರೇಷನ್ನಿಗೆ ಮೊದಲು ದಿನಬಳಕೆಯ ಮಾತುಗಳನ್ನೆಲ್ಲ ರೆಕಾರ್ಡ್ ಮಾಡಿಡಿ, ಆಮೇಲೆ ಫೋನಿನಲ್ಲಿ ಒತ್ತಿದರೆ ಅವರ ದನಿಯಲ್ಲೇ ಕೇಳಿಸುತ್ತದೆ ಎಂದು. ‘ಬೇರೆಯವರ ಆ್ಯಪ್ ಯಾಕೆ, ನಾನೇ ಮಾಡ್ತೀನಿ’ ಎಂದು ಎದೆ ತಟ್ಟಿಕೊಂಡವಳು ನೀನು.

ಅಮ್ಮ ಎಂಟು ದಿನ ಕೂತು ಮಾತಾಡಿದಳು. ಅಡುಗೆಮನೆಯ ಬಾಗಿಲು ಹಾಕಿ, ಫ್ಯಾನ್ ಆರಿಸಿ, ಬೆವರೊರೆಸಿಕೊಳ್ಳುತ್ತ, ಒಟ್ಟು ಮುನ್ನೂರು ವಾಕ್ಯ. ಪ್ರತಿಯೊಂದಕ್ಕೂ ಮೈಕಿನ ಮುಂದೆ ನಿಂತವಳ ಹಾಗೆ ಕತ್ತು ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ನಲವತ್ತೊಂದು ಮುಗಿಯುವಷ್ಟರಲ್ಲಿ ಫೋನ್ ತುಂಬಿತು. ನೀನೇ ಹೇಳಿದೆ: ‘ಮೆಮೊರಿ ಕಾರ್ಡ್ ಹಾಕು, ಸೆಟ್ಟಿಂಗಲ್ಲಿ ಕಾರ್ಡ್ ಅಂತ ಒತ್ತು, ಅಷ್ಟೇ.’ ಒತ್ತಿದೆ. ಆಮೇಲೂ ಪ್ರತಿ ವಾಕ್ಯಕ್ಕೂ ನಿನ್ನ ಆ್ಯಪ್ ಹಸಿರು ಗುರುತು ಹಾಕಿ ‘ಉಳಿಸಲಾಗಿದೆ’ ಎಂದಿತು. ಪ್ರತಿಯೊಂದಕ್ಕೂ! ಇನ್ನೂರ ಐವತ್ತೊಂಬತ್ತು ಸಲ ನಿನ್ನ ಆ್ಯಪ್ ಕಣ್ಣು ಮಿಟುಕಿಸದೆ ಸುಳ್ಳು ಹೇಳಿತು.

ಮಂಗಳವಾರ ಕಾರ್ಡ್ ತೆರೆದು ನೋಡಿದರೆ ಖಾಲಿ. ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿ. ಓಡಿಹೋಗಿ ಫೋನ್ ರಿಪೇರಿಯವನಿಗೆ ತೋರಿಸಿದೆ. ಅವನು ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಅರ್ಧ ಗಂಟೆ ಹುಡುಕಿದ. ಆಮೇಲೆ, ‘ಅಕ್ಕಾ, ಇದ್ರಲ್ಲಿ ಏನೂ ಅಳಿಸಿಲ್ಲ. ಏನೂ ಬಂದೇ ಇಲ್ಲ’ ಅಂದ. ‘ಫೋನೊಳಗೆ ಬರೆಯೋದೇ ಬೇರೆ, ಕಾರ್ಡಿಗೆ ಬರೆಯೋದೇ ಬೇರೆ. ಹಾಕ್ತೀವಿ, ತೆಗೀತೀವಲ್ಲ, ಅದಕ್ಕೆ ಫೋನು ಸುಮ್ನೆ ಬರೆಯೋಕೆ ಬಿಡಲ್ಲ. ಆ್ಯಪ್ ಅನುಮತಿ ಕೇಳ್ಬೇಕು, ನೀವು ಹೂಂ ಅನ್ಬೇಕು. ನಿಮ್ಮನ್ನ ಕೇಳ್ತಾ?’

ಇಲ್ಲ ಅಂದೆ. ‘ಹಾಗಾದ್ರೆ ಮಾಡಿದೋರಿಗೆ ಬುದ್ಧಿ ಇಲ್ಲ’ ಅಂದ. ಮಾಡಿದವಳು ನನ್ನ ತಂಗಿ ಎಂದು ಹೇಳಲು ಬಾಯಿ ಬರಲಿಲ್ಲ.

ಚೂಟಿ, ಏನು ಉಳಿದಿದೆ ಗೊತ್ತೇ? ಮೊದಲ ನಲವತ್ತೊಂದೂ ಆಸ್ಪತ್ರೆಯವರು ಬರೆದುಕೊಟ್ಟ ಪಟ್ಟಿಯವು. ‘ನೋವಾಗ್ತಿದೆ.’ ‘ನೀರು ಬೇಕು.’ ‘ದಿಂಬು ಎತ್ತರ ಮಾಡಿ.’ ‘ಬಾತ್‌ರೂಮಿಗೆ ಹೋಗ್ಬೇಕು.’ ಅಮ್ಮನ ಮಾತು ಎನ್ನುವಂಥದ್ದು ಶುರುವಾಗಿದ್ದೇ ಆಮೇಲೆ. ನನ್ನ ಗಂಡನನ್ನು ರೇಗಿಸುವ ಮಾತು, ಹಾಲಿನವನ ಜೊತೆ ಜಗಳಕ್ಕೆ ಆರು ಬಗೆ, ಪಕ್ಕದ ಮನೆಯಾಕೆ ಬಂದು ಏಳದೆ ಕೂತರೆ ಹೇಳಲು ಒಂದು, ಅವಳು ಹೋದಮೇಲೆ ನಮಗೆ ಹೇಳಲು ಇನ್ನೊಂದು. ನಿನಗಾಗಿಯೇ ಇಪ್ಪತ್ತೇಳು ಹೇಳಿದ್ದಳು. ಆ ಮಧ್ಯಾಹ್ನ ನನ್ನನ್ನು ಹೊರಗೆ ಕಳಿಸಿದಳು, ಏನು ಹೇಳಿದಳೋ ನನಗೂ ಗೊತ್ತಿಲ್ಲ. ಬಾಗಿಲಾಚೆ ನಗು ಕೇಳಿಸುತ್ತಿತ್ತು.

ನಿನ್ನ ಓದು, ನಿನ್ನ ಕೆಲಸ, ನಿನ್ನ ದೊಡ್ಡ ಕುರ್ಚಿ! ಆಗದಿದ್ದರೆ ಆಗಲಿಲ್ಲ ಎಂದು ಹೇಳುವುದನ್ನು ಆ ಆ್ಯಪಿಗೆ ಯಾಕೆ ಕಲಿಸಲಿಲ್ಲ? ಒಂದೇ ಒಂದು ಕೆಂಪು ಗುರುತು ಬಂದಿದ್ದರೂ ಸಾಕಿತ್ತು. ಆವತ್ತು ಅಮ್ಮನಿಗೆ ಗಂಟಲಿತ್ತು. ಮತ್ತೆ ಹೇಳುತ್ತಿದ್ದಳು.

ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಸ್ಲೇಟಿನ ಮೇಲೆ ‘ಫೋನ್ ಕೊಡು, ಹಾಲಿನವನಿಗೆ ಇದೆ’ ಎಂದು ಬರೆದು ತೋರಿಸಿ ಹುಬ್ಬು ಕುಣಿಸಿದಳು. ಚಾರ್ಜ್ ಇಲ್ಲ ಎಂದೆ. ಎಷ್ಟು ದಿನ ಚಾರ್ಜ್ ಇರುವುದಿಲ್ಲ, ನೀನೇ ಹೇಳು. ಭಾನುವಾರ ಬಾ. ಬಂದು ಅವಳ ಮುಂದೆ ಕೂತು, ನಿನ್ನ ಬಾಯಿಂದಲೇ ಹೇಳು.

ಸಿಟ್ಟಿನಿಂದ,
ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಲಕೋಟೆ ಅಂಟಿಸಿಯಾಗಿತ್ತು, ಬಿಚ್ಚಿ ಬರೆಯುತ್ತಿದ್ದೇನೆ. ಕಾರ್ಡ್ ಹಾಕಿದ ದಿನ ಫೋನಿನ ಮೇಲೆ ಒಂದು ಚೌಕ ಬಂದಿತ್ತು. ಕಾರ್ಡಿಗೆ ಬರೆಯಲು ಅನುಮತಿ ಕೊಡುವಿರಾ ಎಂದೇನೋ ಇತ್ತು. ಅಮ್ಮ ಆಗಲೇ ಮಾತು ಶುರು ಮಾಡಿಬಿಟ್ಟಿದ್ದಳು. ಅವಳನ್ನು ತಡೆಯಲು ಮನಸ್ಸಾಗದೆ, ಪೂರ್ತಿ ಓದದೆ ‘ಬೇಡ’ ಒತ್ತಿದೆ. ಅದು ಮತ್ತೆ ಕೇಳಲಿಲ್ಲ. ರಿಪೇರಿಯವನಿಗೆ ನಾನು ಸುಳ್ಳು ಹೇಳಿದೆ, ನಿನಗೂ ಮೇಲೆ ಅದನ್ನೇ ಬರೆದೆ. ಹಸಿರು ಗುರುತು ನಿನ್ನದು, ‘ಬೇಡ’ ನನ್ನದು. ಭಾನುವಾರ ನಾನೂ ನಿನ್ನ ಪಕ್ಕ ಕೂರುತ್ತೇನೆ. ಬೇಗ ಬಾ, ಒಬ್ಬಳಿಂದಲೇ ಆಗುತ್ತಿಲ್ಲ.