ಒಂದೇ ದಿನ ಬದುಕಿದ ಲಿಫ್ಟ್

ನಗರ ರೈಲು ಯೋಜನೆಯ ಪರಮೋಚ್ಚ ಅಧಿಕಾರಿಗಳೇ,

ಅಡ್ಡಬಿದ್ದೆ! ಬಿದ್ದವನನ್ನು ಎತ್ತುವ ವ್ಯವಸ್ಥೆ ನಿಮ್ಮ ನಿಲ್ದಾಣದಲ್ಲಿ ಇಲ್ಲವಾದ್ದರಿಂದ ಬಿದ್ದಲ್ಲಿಂದಲೇ ಬರೆಯುತ್ತಿದ್ದೇನೆ. ದೂರು ಇಷ್ಟೇ. ನಮ್ಮ ಬೀದಿಯ ನಿಲ್ದಾಣಕ್ಕೆ ಅಂದಾಜಿನ ಮೂರು ಪಟ್ಟು ಹಣ ಸುರಿದಿರಿ. ಖರ್ಚು ಕೈಮೀರಿತೆಂದು ಲಿಫ್ಟನ್ನು ಕೈಬಿಟ್ಟಿರಿ. ರೈಲು ತಲೆಯ ಮೇಲೆ ಓಡುತ್ತಿದೆ, ನನ್ನ ಅಕ್ಕ ಕೆಳಗೆ ಕುಳಿತಿದ್ದಾಳೆ.

ಮೊದಲು ನಿಮಗೊಂದು ಚಪ್ಪಾಳೆ. ನಾನು ನಾಟಕ ಕಂಪನಿಯಲ್ಲಿ ಬೆಳೆದವನು, ಚಪ್ಪಾಳೆಯಲ್ಲಿ ಜಿಪುಣತನ ಗೊತ್ತಿಲ್ಲ. ನೀರಿನ ಕೊಳವೆ ಎಲ್ಲಿದೆಯೆಂದು ಹುಡುಕಲು ನಮ್ಮ ಬೀದಿಯನ್ನು ಅಗೆದಿರಿ. ಸಿಗಲಿಲ್ಲವೆಂದು ಮುಚ್ಚಿದಿರಿ. ಕಂಬ ನಿಲ್ಲಿಸಲು ಮತ್ತೆ ಅಗೆದಾಗ ಅದೇ ಕೊಳವೆ ಒಡೆದು, ನೀರು ತಾನಾಗಿಯೇ ನಮ್ಮೆಲ್ಲರ ನಡುಮನೆಗೆ ನಡೆದು ಬಂತು. ಎಂಥ ಪ್ರವೇಶ! ಎಂಥ ರಂಗಸಜ್ಜಿಕೆ! ಆಮೇಲೆ ಒಬ್ಬ ಹಿರಿಯ ಅಧಿಕಾರಿ ಹೋಗಿ ಇನ್ನೊಬ್ಬರು ಬಂದರು. ಬಂದವರಿಗೆ ಹಳೆಯ ಛಾವಣಿ ಹಿಡಿಸಲಿಲ್ಲ. ಹಕ್ಕಿ ರೆಕ್ಕೆ ಬಿಚ್ಚಿದಂತೆ ಕಾಣಬೇಕಂತೆ. ಅವರೂ ಹೋಗಿ ನೀವು ಬಂದಿರಿ. ರೆಕ್ಕೆ ಸಾಲದು, ಗಾಜಿನ ಗುಮ್ಮಟವೂ ಬೇಕೆಂದಿರಿ. ಕೊನೆಗೆ, ಖರ್ಚು ಏಕೆ ಏರಿತೆಂದು ತಿಳಿಯಲು ಸಮಿತಿಯೊಂದನ್ನು ನೇಮಿಸಿದಿರಿ. ಸಮಿತಿಯ ಖರ್ಚನ್ನೂ ನಿಲ್ದಾಣದ ಲೆಕ್ಕಕ್ಕೇ ಸೇರಿಸಿದಿರಿ. ಏರಿಕೆಗೆ ಕಾರಣ ಹುಡುಕಲು ಹೋದವರೇ ಒಂದು ಕಾರಣವಾಗಿ ಮರಳಿದರು!

ಇದನ್ನು ನೋಡಿದಾಗಲೆಲ್ಲ ನಮ್ಮ ಕಂಪನಿಯ ಮಾಲೀಕರು ನೆನಪಾಗುತ್ತಾರೆ. ನಮ್ಮಲ್ಲಿ ಇದ್ದದ್ದು ಒಂದು ಅರಮನೆ ಪರದೆ, ಒಂದು ಕಾಡು, ಒಂದು ಬೀದಿ. ಲೋಕದ ಅಷ್ಟೂ ರಾಜರು ಅದೇ ಅರಮನೆಯಲ್ಲಿ ಗುಡುಗಿ, ಅದೇ ಕಾಡಿನಲ್ಲಿ ಅತ್ತು, ಅದೇ ಬೀದಿಯಲ್ಲಿ ಗೆದ್ದು ಬಂದರು. ಹೊಸದಾಗಿ ಸೇರಿದ ಪರದೆ ಕಲಾವಿದನೊಬ್ಬ ಪ್ರತಿ ನಾಟಕಕ್ಕೂ ಬೇರೆ ಅರಮನೆ ಬರೆಯುತ್ತೇನೆಂದು ಕುಣಿದಾಗ ಮಾಲೀಕರು ಕಣ್ಣರಳಿಸಿ ಕೇಳಿದ್ದರು: "ರಾಜ ಬದಲಾದ್ರೆ ಕಿರೀಟ ಬದಲಾಯಿಸೋ ಮಾರಾಯ! ಅರಮನೆ ಏನು ಮಾಡಿತ್ತು ನಿನಗೆ?"

ನಿಮ್ಮ ಮಾರ್ಗದಲ್ಲಿ ಪ್ರತಿ ನಿಲ್ದಾಣಕ್ಕೂ ಬೇರೆ ಅರಮನೆ. ಒಂದರ ಮೆಟ್ಟಿಲು ಇನ್ನೊಂದಕ್ಕೆ ಹೊಂದದು, ಒಂದರ ಕಿಟಕಿ ಇನ್ನೊಂದಕ್ಕೆ ಕೂರದು. ಪ್ರತಿಯೊಂದಕ್ಕೂ ಬೇರೆ ನಕ್ಷೆ, ಬೇರೆ ಸಲಹೆಗಾರರು, ಬೇರೆ ಅಚ್ಚು. ಜನ ಹತ್ತಿ ಇಳಿಯುವ ಜಾಗಕ್ಕೆ ಇಷ್ಟೊಂದು ವೇಷವೇ? ಹಾಳಾಗಲಿ, ವೇಷ ಇರಲಿ. ಆದರೆ ಖರ್ಚು ಕಡಿಮೆ ಮಾಡಲು ಕತ್ತರಿ ಹಿಡಿದಾಗ ರೆಕ್ಕೆಯ ಒಂದು ಪುಕ್ಕವೂ ಉದುರಲಿಲ್ಲ, ಗುಮ್ಮಟಕ್ಕೆ ಗೀರೂ ಬೀಳಲಿಲ್ಲ. ಬಿದ್ದದ್ದು ಲಿಫ್ಟ್. ಅದಕ್ಕೆಂದು ಬಿಟ್ಟ ಗೋಡೆಯ ಸಂದಿಯಲ್ಲಿ ಈಗ ಪೊರಕೆಗಳು ವಾಸವಾಗಿವೆ. ಸುಖವಾಗಿವೆ.

ಇನ್ನು ಅಕ್ಕನ ವಿಷಯ. ಅಕ್ಕ ನಮ್ಮ ಕಂಪನಿಯ ನಾಯಕಿ. ರಂಗದ ಹಲಗೆಗಳ ಮೇಲೆ ಕುಣಿದು ಕುಣಿದು ಎರಡು ಮಂಡಿಗಳನ್ನೂ ಅಲ್ಲೇ ಬಿಟ್ಟು ಬಂದಳು. ಭಾವ ಪರದೆಯ ಪಕ್ಕದಲ್ಲಿ ನಿಂತು, ನಟರು ಮರೆತ ಮಾತನ್ನು ಪಿಸುಗುಟ್ಟಿ ಎತ್ತಿಕೊಡುತ್ತಿದ್ದವರು. ನಮ್ಮೆಲ್ಲರ ಮಾತೂ ಅವರ ಬಾಯಲ್ಲಿತ್ತು. ಈಗ ಅವರಿಗೆ ಮರೆವಿನ ಕಾಯಿಲೆ. ನಿಮ್ಮ ಮಾರ್ಗದ ಆ ತುದಿಯ ಆರೈಕೆ ಕೇಂದ್ರದಲ್ಲಿದ್ದಾರೆ. ಅಕ್ಕ ಪ್ರತಿ ಭಾನುವಾರ ಹೋಗಿ ಅವರ ಹಾಸಿಗೆಯ ಪಕ್ಕ ಕುಳಿತು ಹಳೆಯ ಮಾತುಗಳನ್ನು ಒಂದೊಂದಾಗಿ ಎತ್ತಿಕೊಡುತ್ತಿದ್ದಳು. ಅರ್ಧ ಸಾಲು ಇವಳು ಹೇಳಿದರೆ ಉಳಿದರ್ಧ ಅವರು ಹೇಳುತ್ತಿದ್ದರು. ಕೊನೆಗೊಮ್ಮೆ ಇವಳ ಹೆಸರನ್ನೂ ಹೇಳುತ್ತಿದ್ದರು.

ರೈಲು ಬಂತಲ್ಲ ಎಂದು ಆ ಕಡೆಗಿದ್ದ ನೇರ ಬಸ್ಸನ್ನು ನಿಲ್ಲಿಸಿದರು. ಇದ್ದದ್ದು ಹೋಯಿತು, ಬಂದದ್ದು ಎಟುಕಲಿಲ್ಲ. ಆಟೋದಲ್ಲಿ ಕರೆದೊಯ್ಯಬಾರದೇ ಎನ್ನುವಿರಿ. ತಿಂಗಳಿಗೊಮ್ಮೆ ಅದೂ ಆಗುತ್ತದೆ. ಭಾವನ ಮರೆವು ತಿಂಗಳವರೆಗೆ ಕಾಯುವುದಿಲ್ಲ. ಕಳೆದ ಬಾರಿ ಅವರು ಅಕ್ಕನನ್ನು ನೋಡಿ, "ಯಾರಮ್ಮ ನೀವು, ಟಿಕೆಟ್ ತಗೊಂಡ್ರಾ?" ಎಂದು ಕೇಳಿದರು.

ನೀವು ಕರೆದ ನಾಗರಿಕರ ಸಭೆಗೂ ಅಕ್ಕ ಬಂದಿದ್ದಳು. ನಿಮ್ಮ ಎಂಜಿನಿಯರ್ ಬಹಳ ವಿನಯದಿಂದ, "ಅಮ್ಮ, ಲಿಫ್ಟ್ ಎರಡನೇ ಹಂತದಲ್ಲಿ ಬರುತ್ತೆ" ಅಂದರು.

"ನನ್ನ ಮಂಡಿ ಮೊದಲನೇ ಹಂತದಲ್ಲೇ ಹೋಗಿದೆಯಲ್ಲಪ್ಪ" ಅಂದಳು ಅಕ್ಕ. ಸಭೆ ನಕ್ಕಿತು. ನಡಾವಳಿಯಲ್ಲಿ 'ಜನರಿಂದ ಉತ್ತಮ ಪ್ರತಿಕ್ರಿಯೆ' ಎಂದು ಬರೆದುಕೊಂಡರು.

ಈಗ ಕೇಳಿ, ಸ್ವಾಮಿ, ನನ್ನ ನಾಟಕದ ಮುಖ್ಯ ದೃಶ್ಯ! ಕಳೆದ ವಾರ ತಾವು ಸ್ವತಃ ತಪಾಸಣೆಗೆ ದಯಮಾಡಿಸಿದಿರಿ. ತಮ್ಮ ಪಾದ ಉಳುಕಿತ್ತಂತೆ. ಹಿಂದಿನ ದಿನವೇ ನಿಲ್ದಾಣದ ಪಕ್ಕದಲ್ಲಿ ಕಬ್ಬಿಣದ ಗೋಪುರ ಎದ್ದಿತು. ಅದರೊಳಗೆ ಲಿಫ್ಟ್! ಒಳಗೆ ಕೆಂಪು ಹಾಸು, ಕೂರಲು ಕುರ್ಚಿ. ಕಿಟಕಿಯಿಂದ ನೋಡಿದ ಅಕ್ಕ ಕೂಗಿದಳು: "ಬಂತು ಕಣೋ! ಸಭೇಲಿ ಆಡಿದ ಮಾತು ಅವರಿಗೆ ನಾಟಿದೆ ಕಣೋ!" ಮರುದಿನ ಒಳ್ಳೆಯ ಸೀರೆ ಉಟ್ಟಳು, ಮುಖಕ್ಕೆ ಪೌಡರ್ ಹಚ್ಚಿದಳು. ತಾವು ಮೇಲೇರಿ, ಗುಮ್ಮಟ ಮೆಚ್ಚಿ, ಕೆಳಗಿಳಿದು, ಕಾರು ಹತ್ತಿ ಹೋದ ಮೇಲೆ ನಾವು ಹೋದೆವು. ಮೇಸ್ತ್ರಿ ಬೋಲ್ಟು ಬಿಚ್ಚುತ್ತಿದ್ದ.

"ಅಜ್ಜಿ, ಇದು ಸಾಹೇಬ್ರಿಗೆ ಮಾತ್ರ."

"ಸಾಹೇಬ್ರು ಹೋದ್ರಲ್ಲಪ್ಪ?"

"ಹೋದ್ರು. ಅದಕ್ಕೇ ಬಿಚ್ತಿದೀವಿ. ಬಾಡಿಗೆದು."

"ನನ್ನೊಂದ್ಸಲ ಮೇಲೆ ಬಿಟ್ಟು ಬಿಚ್ಚು."

"ವಾಪಸ್ ಇಳಿಯೋದು ಹೇಗಜ್ಜಿ?"

"ಇಳಿಯೋದು ನಾಳೆ ನೋಡ್ಕೊಳ್ತೀನಿ. ಇವತ್ತು ಅವರ ಹತ್ರ ಇರ್ತೀನಿ."

ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟ. ಕರೆಂಟು ಆಗಲೇ ತೆಗೆದಾಗಿತ್ತು. ಅವನು ಕುರ್ಚಿಯನ್ನು ಮಾತ್ರ ಹೊರಗೆ ತಂದು ಅಕ್ಕನನ್ನು ಕೂರಿಸಿದ. ಮೇಲೆ ಎರಡು ರೈಲು ಹೋಗುವವರೆಗೂ ಅವಳು ಏಳಲಿಲ್ಲ.

ಮಹಾಸ್ವಾಮಿ! ನಿಲ್ಲಿಸುವುದಕ್ಕೂ ಬಿಚ್ಚುವುದಕ್ಕೂ ದುಡ್ಡಿದೆ, ಇಟ್ಟುಕೊಳ್ಳುವುದಕ್ಕೆ ಮಾತ್ರ ಇಲ್ಲವೇ? ನಿಮ್ಮ ಉಳುಕಿದ ಪಾದ ತುರ್ತು ಕಾಮಗಾರಿ, ಅಕ್ಕನ ಸವೆದ ಮಂಡಿ ಎರಡನೇ ಹಂತ. ಇದು ಯಾವ ಅಂಗರಚನೆಯ ಶಾಸ್ತ್ರ?

ಆದ್ದರಿಂದ ನನ್ನ ಬೇಡಿಕೆ. ಗೋಡೆಯ ಸಂದಿಯಿಂದ ಪೊರಕೆ ತೆಗೆಸಿ, ಅಲ್ಲಿ ಲಿಫ್ಟ್ ಕೂರಿಸಿ. ಅದು ನಿಮ್ಮಿಂದ ಆಗದಿದ್ದರೆ, ನೀವು ಬಂದಾಗ ಲಿಫ್ಟ್ ಏಳುತ್ತದೆಂದು ಕಣ್ಣಾರೆ ಕಂಡ ನಾನು ಕೈಮುಗಿದು ಕೇಳುತ್ತೇನೆ: ಪ್ರತಿ ಭಾನುವಾರ ತಪಾಸಣೆಗೆ ಬನ್ನಿ. ಬೆಳಿಗ್ಗೆ ಹತ್ತಿ, ಸಂಜೆ ಇಳಿಯಿರಿ. ನಿಮ್ಮ ಹಿಂದೆಯೇ ಅಕ್ಕ ಹತ್ತುತ್ತಾಳೆ, ಇಳಿಯುತ್ತಾಳೆ. ತಮಗೆ ಬಿಡುವಿಲ್ಲವೇ? ಚಿಂತೆ ಬೇಡ. ನನ್ನ ಹಳೆಯ ನಾಟಕದ ಪೆಟ್ಟಿಗೆಯಲ್ಲಿ ಒಂದು ಕೋಟು, ಒಂದು ಹೊಳೆಯುವ ಊರುಗೋಲು ಇನ್ನೂ ಇವೆ. ತಮ್ಮ ಪಾತ್ರವನ್ನು ನಾನೇ ವಹಿಸುತ್ತೇನೆ. ಲಿಫ್ಟನ್ನು ಮಾತ್ರ ಕಳುಹಿಸಿ. ಕುಂಟುವುದನ್ನು ಈಗಾಗಲೇ ಅಭ್ಯಾಸ ಮಾಡುತ್ತಿದ್ದೇನೆ. ಎಡಗಾಲೋ ಬಲಗಾಲೋ, ಅಷ್ಟು ತಿಳಿಸಿ.

ಬೇಗ ತಿಳಿಸಿ. ಆ ತುದಿಯಲ್ಲಿ ಒಬ್ಬರು ಅರ್ಧ ಸಾಲಿಗಾಗಿ ಕಾಯುತ್ತಿದ್ದಾರೆ. ಯಾರಿಗಾಗಿ ಕಾಯುತ್ತಿದ್ದೇನೆಂಬುದು ಅವರಿಗೆ ಇನ್ನೆಷ್ಟು ಭಾನುವಾರ ನೆನಪಿರುವುದೋ ತಿಳಿಯದು.

ಇಂತಿ,
ಅನೇಕ ರಾಜ್ಯಗಳನ್ನು ಆಳಿ, ಈಗ ತಮ್ಮ ಮೆಟ್ಟಿಲ ಬುಡದಲ್ಲಿ ಅಕ್ಕನ ಕುರ್ಚಿ ಹಿಡಿದು ನಿಂತಿರುವ,
ಒಬ್ಬ ಮಾಜಿ ಮಹಾರಾಜ