ನಮ್ಮ ಎತ್ತು ನನಗೆ ಅತ್ತೆಯಾದ ಬಗ್ಗೆ

ಪಡಿತರ ಚೀಟಿ ನೋಂದಣಿ ಕೇಂದ್ರದ ಅಧಿಕಾರಿಗಳೇ,

ನೀವು ಕೊಟ್ಟ ಹೊಸ ಪಡಿತರ ಚೀಟಿಯಲ್ಲಿ ನಮ್ಮ ಮನೆಯ ಎತ್ತು ನನಗೆ ಅತ್ತೆಯಾಗಿದೆ. ನಿಜವಾದ ಅತ್ತೆ, ಮುದುಕವ್ವ ಎಂಬ ಹೆಸರಿನ ಎಪ್ಪತ್ತೆಂಟರ ಹಿರಿಯರು, ಚೀಟಿಯಲ್ಲೇ ಇಲ್ಲ. ಹೆಸರಿಲ್ಲವೆಂದು ಕಣ್ಣಿನ ಪೊರೆ ತೆಗೆಯುವ ಶಿಬಿರದಿಂದ ಅವರನ್ನು ವಾಪಸು ಕಳಿಸಿದ್ದಾರೆ.

ನಾನು ಅಗಡಿಯವಳು. ಇಪ್ಪತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿ ಕಿವಿ ಕಳೆದುಕೊಂಡೆ. ಈಗ ಕಿವಿಯಲ್ಲಿ ಯಂತ್ರವಿದೆ. ಅದಕ್ಕೆ ಮನುಷ್ಯರ ಮಾತೂ ಒಂದೇ, ಮೋಟಾರಿನ ಗದ್ದಲವೂ ಒಂದೇ. ಎರಡನ್ನೂ ಸಮನಾಗಿ ದೊಡ್ಡದು ಮಾಡುತ್ತದೆ. ಹಾಗಾಗಿ ಗದ್ದಲಕ್ಕೆ ಬೆನ್ನು ಹಾಕಿ, ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತೇನೆ. ಹಾವೇರಿಯ ನಿಮ್ಮ ಕೇಂದ್ರದಲ್ಲಿ ಕಿಟಕಿಗೆ ಒತ್ತಿಕೊಂಡೇ ಜನರೇಟರ್ ಇದೆ. ಗುಮಾಸ್ತರು ಬಾಯಿತುಂಬ ಎಲೆಅಡಿಕೆ ಇಟ್ಟುಕೊಂಡು, ಕಂಪ್ಯೂಟರಿನ ಕಡೆ ಮುಖ ಮಾಡಿ ಪ್ರಶ್ನೆ ಕೇಳುತ್ತಾರೆ. ಯಾವ ತುಟಿಯನ್ನು ಓದಲಿ?

ಅವರು ಕೇಳಿದ್ದು "ಅತ್ತೀ ಹೆಸರೇನ್ರಿ?" ನನಗೆ ಕೇಳಿಸಿದ್ದು "ಎತ್ತಿನ ಹೆಸರೇನ್ರಿ?" ಸರ್ಕಾರ ಏನನ್ನು ತಾನೇ ಕೇಳುವುದಿಲ್ಲ ಎಂದುಕೊಂಡು "ಕೆಂಚ" ಎಂದೆ. ಅವರು ಕೆಂಚವ್ವ ಎಂದು ಬರೆದರು. ವಯಸ್ಸು ಒಂಬತ್ತು ಎಂದೆ, ತೊಂಬತ್ತು ಎಂದು ಬರೆದರು. ನನ್ನ ಕಿವಿ ಕೆಟ್ಟಿದೆ ಸ್ವಾಮಿ, ಅವರದಕ್ಕೇನಾಗಿತ್ತು?

ತಿದ್ದಿಸಲು ಹೋದೆ. "ಕೆಂಚವ್ವಾರು ತೀರಿಕೊಂಡಿದ್ರ ಮರಣ ಪತ್ರ ತರ್ರಿ. ಇಲ್ಲಾಂದ್ರ ಅವರ್ನ ಕರ್ಕೊಂಡು ಬರ್ರಿ" ಎಂದು ಕೂಗಿದರು.

"ಅದು ಎತ್ತು ರೀ."

"ಎತ್ತರ ಇರ್ಲಿ, ಗಿಡ್ಡ ಇರ್ಲಿ, ಕರ್ಕೊಂಡು ಬರ್ರಿ."

ನಾನು ಎದ್ದು ಹೊರಗೆ ಹೋಗಿ ಜನರೇಟರ್ ಬಂದ್ ಮಾಡಿದೆ. ಗಿರಣಿಯವಳಿಗೆ ಅದೇನು ದೊಡ್ಡ ಕೆಲಸ? ಸದ್ದು ನಿಂತದ್ದೇ ಸಾಲಿನಲ್ಲಿದ್ದ ಇಸ್ಮಾಯಿಲಸಾಬರು ತಮ್ಮ ಚೀಟಿಯನ್ನು ಓದಿಸಿಕೊಂಡರು. ಕಸುಬು "ಹೋಳಿಗೆ" ಎಂದಿತ್ತು. "ಹೊಲಿಗಿ ರೀ. ನಾ ಟೇಲರ್ ಅದೀನಿ" ಎಂದರು ಅವರು ಮೆಲ್ಲಗೆ. ಅವರ ಕಿವಿಗೆ ಯಾವ ರೋಗವೂ ಇಲ್ಲ. ಗುಮಾಸ್ತರು ಎಲೆಅಡಿಕೆ ಉಗುಳಿ ಬಂದು ನನ್ನೆದುರು ಕುಳಿತರು. "ಅವ್ವಾರ, ಖರೇ ಹೇಳ್ರಿ, ಅದು ದನಾ ಏನ್ರಿ?" ಎಂದರು. ಒಂದಕ್ಷರವೂ ತಪ್ಪದೆ ಕೇಳಿಸಿತು. ನನಗೆ ಅಳು ಬಂತು. ಆದರೆ ಕಂಪ್ಯೂಟರ್ ಆರಿಹೋಗಿತ್ತು. ಜನರೇಟರ್ ಇದ್ದರೆ ಕೇಳಿಸುವುದಿಲ್ಲ, ಇಲ್ಲದಿದ್ದರೆ ಬರೆಯಲಾಗುವುದಿಲ್ಲ.

ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದೆನೆಂದು ನೋಟಿಸು ಬಂದಿದೆ. ವಿಚಾರಣೆಯೂ ಅದೇ ಕೋಣೆಯಲ್ಲಂತೆ. ಬರುತ್ತೇನೆ. ಅಷ್ಟರೊಳಗೆ ಜನರೇಟರನ್ನು ಕಾಂಪೌಂಡಿನ ಆಚೆ ಇಡಿಸಿ. ಪ್ರಶ್ನೆಯನ್ನು ಹಾಳೆಯಲ್ಲಿ ಬರೆದು ತೋರಿಸಿ. ಹದಿನಾಲ್ಕನೇ ತಾರೀಖಿಗೆ ಬ್ಯಾಡಗಿಯಲ್ಲಿ ಮತ್ತೊಂದು ಕಣ್ಣಿನ ಶಿಬಿರವಿದೆ. ಅದಕ್ಕೂ ಮೊದಲು ಮುದುಕವ್ವನ ಹೆಸರು ಸೇರಿಸಿ. ನನ್ನ ಕಿವಿ ಹೋಗಿ ಆಯಿತು. ಅವರ ಕಣ್ಣು ಇನ್ನೂ ಬರುವಂತಿದೆ.

ಇಂತಿ,
ಉತ್ತರ ಗೊತ್ತಿದ್ದರೂ ಪ್ರಶ್ನೆ ಕೇಳಿಸದ
ದ್ರಾಕ್ಷಾಯಿಣಿ, ಅಗಡಿ